ಬಲ ಹೆಗಲಿನ ಸೆರಗು

ಪತ್ರಿಕೆಯಲ್ಲಿ ಸುದ್ದಿ ಬಂದದ್ದು ಒಂದೇ ಕಾಲಮ್ಮಿನಲ್ಲಿ. 'ಹಿರಿಯ ಚಿತ್ರಕಲಾವಿದರ ಪತ್ನಿ ನಿಧನ' ಎಂದು ತಲೆಬರಹ. ಕೆಳಗೆ ಗಂಡನ ಹೆಸರು, ಗಂಡನಿಗೆ ಬಂದ ಪ್ರಶಸ್ತಿಗಳು, ಗಂಡ ತೀರಿಕೊಂಡು ಎಷ್ಟು ಸಮಯವಾಯಿತು ಎಂಬ ವಿವರ. ಕೊನೆಗೆ, ಜಾಗ ಉಳಿದಿತ್ತೆಂದು ಸೇರಿಸಿದ ಹಾಗೆ ಒಂದು ಸಾಲು: ಮೃತರು ನಿವೃತ್ತ ಉಪನ್ಯಾಸಕಿಯಾಗಿದ್ದರು. ಅಂಗಡಿಯ ಮೇಜಿನ ಮೇಲೆ ಪತ್ರಿಕೆ ಹರಡಿಕೊಂಡು ಮೂರು ಸಲ ಓದಿದೆ. ಮೈಯೆಲ್ಲ ಉರಿಯುವಷ್ಟು ಸಿಟ್ಟು ಬಂತು. ಪತ್ರಿಕೆಯವರ ಮೇಲಿನ ಸಿಟ್ಟು ಎಂದುಕೊಂಡಿದ್ದೆ. ಮಧ್ಯಾಹ್ನ ಊಟಕ್ಕೆ ಕುಳಿತಾಗ ಅದು ಅವರ ಮೇಲಿನದ್ದಲ್ಲ ಎಂದು ಗೊತ್ತಾಯಿತು.

ನಾನು ಚಿತ್ರಗಳಿಗೆ ಫ್ರೇಮ್ ಹಾಕುವವನು. ಫಳ್ನೀರಿನಲ್ಲಿ ಎರಡು ಕ್ಲಿನಿಕ್‌ಗಳ ನಡುವೆ ಸಿಕ್ಕಿಕೊಂಡ ಹಾಗೆ ನನ್ನ ಅಂಗಡಿ ಇದೆ. ನಮ್ಮದು ಬೋಳಾರದಲ್ಲಿ ಕಡಲಿಗೆ ಹೋಗುವವರ ಮನೆ. ನನಗೋ ದೋಣಿ ಹತ್ತಿದರೆ ಸಾಕು, ಹೊಟ್ಟೆ ತೊಳಸಿ ಬರುತ್ತಿತ್ತು. ಅಪ್ಪ ಎರಡು ಸಲ ನೋಡಿದರು, ಮೂರನೆಯ ಸಲ ನನ್ನನ್ನು ಫ್ರೇಮಿನ ಅಂಗಡಿಯಲ್ಲಿ ಕೆಲಸಕ್ಕೆ ಬಿಟ್ಟು ಕೈ ತೊಳೆದುಕೊಂಡರು. ಅಂದಿನಿಂದ ಗಾಜು, ಮರದ ಪಟ್ಟಿ, ಸಣ್ಣ ಮೊಳೆ, ಇಷ್ಟೇ ನನ್ನ ಲೋಕ. ಮದುವೆ ಎಂಬ ಮಾತು ಬಂದಾಗೆಲ್ಲ ಮುಂದಿನ ವರ್ಷ ಎಂದು ಹೇಳುತ್ತಾ ಅರವತ್ತು ದಾಟಿದೆ. ಚಿತ್ರದ ಮುಂಭಾಗಕ್ಕಿಂತ ಹಿಂಭಾಗವನ್ನು ಹೆಚ್ಚು ನೋಡಿದವನು ನಾನು.

ಸುದ್ದಿಯಲ್ಲಿ ಬರೀ 'ಪತ್ನಿ'ಯಾಗಿದ್ದ ಅವರನ್ನು ನಾನು ಕರೆಯುತ್ತಿದ್ದದ್ದು ಟೀಚರ್ ಎಂದು. ಗಿಡ್ಡ ಆಳು, ಗಂಜಿ ಹಾಕಿದ ಹತ್ತಿಸೀರೆ, ಎಡಗೈಯಲ್ಲಿ ಗಂಡಸರ ದೊಡ್ಡ ವಾಚು. ಹೆಗಲಿನ ಚೀಲದಲ್ಲಿ ಬೇಸಿಗೆಯಲ್ಲೂ ಕೊಡೆ. ನಗರದ ಒಂದು ಚಿತ್ರಕಲಾ ಶಾಲೆಯಲ್ಲಿ ಕಲೆಯ ಇತಿಹಾಸ ಪಾಠ ಮಾಡುತ್ತಿದ್ದರು. ಗಂಡನ ಚಿತ್ರಗಳನ್ನು ರಿಕ್ಷಾದಲ್ಲಿ ಹಾಕಿಸಿಕೊಂಡು ಫ್ರೇಮಿಗೆ ತರುತ್ತಿದ್ದದ್ದು ಅವರೇ. ಚಿತ್ರ ಇಳಿಸಿದ ಕೂಡಲೇ ಹೊರಡುವ ಜಾತಿಯವರಲ್ಲ. ಗಾಜಿನ ಪೆಟ್ಟಿಗೆಯ ಹತ್ತಿರ ಒಂದು ಸ್ಟೂಲು ಇತ್ತು, ಅದರ ಮೇಲೆ ಕುಳಿತು, ಪಕ್ಕದ ಹೋಟೆಲಿನಿಂದ ಚಹ ತರಿಸಿ, ನನ್ನ ಗೋಡೆ ನೋಡಿಕೊಂಡು ಮಾತು ಶುರು ಮಾಡುತ್ತಿದ್ದರು.

ನನ್ನ ಗೋಡೆಯ ಮೇಲೆ ಇರುವವರು ಎರಡೇ ಬಗೆ. ದೇವರು, ಮತ್ತೆ ಸತ್ತವರು. ಒಮ್ಮೆ ಚಹದ ಲೋಟ ಹಿಡಿದುಕೊಂಡು ಟೀಚರ್ ಹೇಳಿದರು, "ಇಲ್ಲಿ ನೋಡಿ ಮಾರಾಯ್ರೇ. ದೇವರಲ್ಲಿ ಹೆಂಗಸರಿಗೆಲ್ಲ ಸ್ವಂತ ಹೆಸರುಂಟು. ಸತ್ತವರಲ್ಲಿ ನೋಡಿ. ಇವರ ಧರ್ಮಪತ್ನಿ, ಅವರ ಮಾತೃಶ್ರೀ. ಹೆಸರು ಬೇಕಾದ್ರೆ ಹೆಂಗಸು ದೇವಿಯೇ ಆಗ್ಬೇಕು."

"ಬರೆಸಿ ತರುವವರು ಅವರು ಟೀಚರ್. ನಾನು ಗಾಜು ಹಾಕುವುದು ಮಾತ್ರ."

"ಅದೇ ಹೇಳಿದ್ದು. ಎಲ್ಲರೂ ಗಾಜು ಹಾಕುವವರೇ," ಎಂದು ನಕ್ಕರು. ಅವರ ನಗು ಶಬ್ದವಿಲ್ಲದ್ದು. ಭುಜ ಕುಲುಕಿದರೆ ನಕ್ಕರು ಎಂದು ತಿಳಿದುಕೊಳ್ಳಬೇಕು.

ನಾನು ಎಂಟನೆಯ ತರಗತಿ. ಆದರೂ ಕಲೆಯ ಇತಿಹಾಸ ಒಂದಿಷ್ಟು ಬರುತ್ತದೆ, ಯಾಕೆಂದರೆ ತರಗತಿಯಲ್ಲಿ ಹೇಳಿ ಮುಗಿಯದ್ದನ್ನು ಟೀಚರ್ ನನ್ನ ಹತ್ತಿರ ಹೇಳುತ್ತಿದ್ದರು. ದಪ್ಪ ಪುಸ್ತಕವೊಂದನ್ನು ತೊಡೆಯ ಮೇಲೆ ಇಟ್ಟುಕೊಂಡು ಪುಟ ತಿರುಗಿಸುತ್ತಿದ್ದರು. "ಒಳಗೆ ನಾವು ಬೇಕಾದಷ್ಟು ಇದ್ದೇವೆ. ಮಲಗಿದ್ದೇವೆ, ಸ್ನಾನ ಮಾಡ್ತೇವೆ, ಕಿಟಕಿಯಲ್ಲಿ ಯಾರಿಗೋ ಕಾಯ್ತೇವೆ. ಹೊರಗೆ ಕುಂಚ ಹಿಡಿದವಳು ಎಲ್ಲಿ ಅಂತ ಕೇಳಿದ್ರೆ, ಹುಡುಕ್ಬೇಕು. ಸಿಕ್ಕಿದ್ರೂ ಪುಟದ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ, ಯಾರದ್ದೋ ಮಗಳು, ಯಾರದ್ದೋ ತಂಗಿ." ಅವರ ತವರು ಬಜಪೆ ಕಡೆಯ ಬೇಸಾಯದ ಮನೆ. ಅಜ್ಜಿ ಹಬ್ಬಕ್ಕೆ ಗೋಡೆಯ ಮೇಲೆ ಬಿಳಿ ಜೇಡಿಮಣ್ಣಿನಲ್ಲಿ ಬಳ್ಳಿ, ಹಕ್ಕಿ, ತೇರು ಬರೆಯುತ್ತಿದ್ದರಂತೆ, ಮುಂದಿನ ಹಬ್ಬಕ್ಕೆ ಅದನ್ನು ಸಾರಿಸಿ ಮತ್ತೆ ಹೊಸತು. "ನನ್ನ ಪಾಠದ ಪುಸ್ತಕದಲ್ಲಿ ಅಜ್ಜಿ ಇಲ್ಲ. ಅದು ಚಿತ್ರ ಅಲ್ಲವಂತೆ, ಮನೆಗೆಲಸವಂತೆ," ಎಂದಿದ್ದರು. ನನಗೆ ಆಗ ಇದೆಲ್ಲ ಓದಿದವರ ಮಾತು ಎನ್ನಿಸುತ್ತಿತ್ತು. ಹೂಂ ಹೂಂ ಎನ್ನುತ್ತಾ ಪಟ್ಟಿ ಕೊಯ್ಯುತ್ತಿದ್ದೆ.

ಅವರ ಗಂಡನನ್ನು ಊರಿಗೆ ಊರೇ ಸರ್ ಎನ್ನುತ್ತಿತ್ತು. ಉದ್ದನೆಯ ಬಿಳಿ ಜುಬ್ಬಾ, ತುಂಬು ಮಾತು. ಅವರು ಕೆಟ್ಟವರೆಂದು ಬರೆದರೆ ನನ್ನ ಕೆಲಸ ಹಗುರವಾಗುತ್ತಿತ್ತು. ಕೆಟ್ಟವರಲ್ಲ. ನನ್ನನ್ನು ದಾರಿಯಲ್ಲಿ ಕಂಡರೆ ಹೆಗಲ ಮೇಲೆ ಕೈಯಿಟ್ಟು ಮಾತಾಡಿಸುತ್ತಿದ್ದರು. ಅವರ ಹೆಸರು ಮೇಲೆ ಬಂದದ್ದು ಮೀನು ಮಾರುವ ಹೆಂಗಸರ ಚಿತ್ರಗಳಿಂದ. ತಲೆಯ ಮೇಲೆ ಬುಟ್ಟಿ, ಹಿಂದೆ ಸಂಜೆಯ ಕಡಲು, ತಗ್ಗಿಸಿದ ಕಣ್ಣು, ತೆಳು ಸೊಂಟ. ಹೋಟೆಲಿನವರು, ಆಸ್ಪತ್ರೆಯವರು, ಗಲ್ಫಿನಿಂದ ಬಂದು ಮನೆ ಕಟ್ಟಿಸಿದವರು, ಎಲ್ಲರಿಗೂ ಅದೇ ಬೇಕು. ಮದುವೆಗೆ ಮೊದಲು ಟೀಚರ್ ಮತ್ತು ಸರ್ ಒಂದೇ ತರಗತಿಯಲ್ಲಿ ಕಲಿತವರು. ಆಮೇಲೆ ನೀನು ಬಿಡಿಸಬೇಡ ಎಂದು ಟೀಚರಿಗೆ ಯಾರೂ ಹೇಳಲಿಲ್ಲ. ಮನೆಯಲ್ಲಿ ಒಳ್ಳೆಯ ಬೆಳಕು ಬರುವ ಕೋಣೆ ಒಂದೇ ಇತ್ತು. ಟೀಚರ್ ಪಾಠ ಮುಗಿಸಿ, ಮೀನು ತರಕಾರಿ ಹಿಡಿದುಕೊಂಡು ಮನೆ ಮುಟ್ಟುವಾಗ ಆ ಬೆಳಕು ಹೋಗಿರುತ್ತಿತ್ತು.

ನನ್ನ ಅಮ್ಮ ಮೂವತ್ತು ವರ್ಷ ತಲೆಯಲ್ಲಿ ಮೀನು ಹೊತ್ತವಳು. ಕೊನೆಗಾಲದಲ್ಲಿ ಬೇಸರ ಕಳೆಯಲು ಅಂಗಡಿಗೆ ಬಂದು ಕೂರುತ್ತಿದ್ದಳು. ಸರ್ ಅವರ ಹಳೆಯ ಚಿತ್ರವೊಂದು ಮರುಫ್ರೇಮಿಗೆ ಬಂದಿತ್ತು, ಹೊಸತೊಂದು ಅದರ ಪಕ್ಕದಲ್ಲಿ ಒರಗಿತ್ತು. ಅಮ್ಮ ಎರಡನ್ನೂ ಬಹಳ ಹೊತ್ತು ನೋಡಿದಳು. ಆಮೇಲೆ ತುಳುವಿನಲ್ಲಿ ಅವಳು ಹೇಳಿದ್ದು ಇಷ್ಟು: ಈ ಹಳೆಯದರ ಬುಟ್ಟಿಯಲ್ಲಿ ಹತ್ತಿ ಇದೆ, ಹೊಸತರಲ್ಲಿ ಮೀನಿದೆ. ಇವಳ ಕುತ್ತಿಗೆ ನೋಡು. ಇವಳು ನಿನ್ನನ್ನೇ ನೋಡುತ್ತಿದ್ದಾಳೆ, ಇನ್ನು ಚೌಕಾಸಿ ಮಾಡಿದರೆ ಬೈಯುತ್ತಾಳೆ. ಇದನ್ನು ಗಂಡಸು ಬಿಡಿಸಿದ್ದಲ್ಲ.

"ಸುಮ್ಮನಿರಮ್ಮ, ಸಹಿ ಉಂಟಲ್ಲ ಸರ್‌ದು," ಎಂದೆ. ಅಮ್ಮ ಓದು ಬರಹ ಕಲಿತವಳಲ್ಲ. ಸಹಿ ಎಂದರೆ ಅವಳಿಗೆ ಯಾವ ಭಯವೂ ಇರಲಿಲ್ಲ. ಬಾಯಿಗೆ ಎಲೆಯಡಿಕೆ ಹಾಕಿಕೊಂಡಳು.

ಅಮ್ಮ ಹೇಳಿದ್ದು ನಿಜವೆಂದು ಗೊತ್ತಾದದ್ದು ನನ್ನ ಸುತ್ತಿಗೆಯಿಂದ. ಅದು ಅಮ್ಮ ತೀರಿಕೊಂಡ ವರ್ಷ. ಟೀಚರ್ ಸ್ಟೂಲಿನ ಮೇಲೆ ಕುಳಿತಿದ್ದರು. ನಾನು ದೊಡ್ಡದೊಂದು ಚಿತ್ರಕ್ಕೆ ಪಟ್ಟಿ ಕೂರಿಸುತ್ತಿದ್ದೆ. ಮೊಳೆ ಸೊಟ್ಟಗಾಯಿತೆಂದು ತಿರುಗಿಸಿ ನೋಡುವಾಗ ಸುತ್ತಿಗೆಯ ಮೂಗು ಜಾರಿ ಚಿತ್ರದ ಹೆಂಗಸಿನ ಕೆನ್ನೆಗೆ ತಾಗಿತು. ಬಣ್ಣ ಎದ್ದು ಬಿಳಿ ಬಟ್ಟೆ ಕಂಡಿತು. ಸರ್ ಅವರಿಗೆ ಎಂತ ಹೇಳುವುದು ಎಂದು ನಿಂತಲ್ಲೇ ನಿಂತೆ.

ಟೀಚರ್ ಚೀಲದಿಂದ ಚಪ್ಪಟೆ ಡಬ್ಬಿ ತೆಗೆದರು. ಒಳಗೆ ಹಿಡಿ ತುಂಡರಿಸಿದ ನಾಲ್ಕು ಕುಂಚ, ಹಿಂಡಿ ಹಿಂಡಿ ಬಡವಾದ ಬಣ್ಣದ ಟ್ಯೂಬುಗಳು. ನನ್ನ ಗಾಜಿನ ಚೂರೊಂದರ ಮೇಲೆ ಬಣ್ಣ ಕಲಸಿ, ಕನ್ನಡಕವನ್ನು ಹಣೆಗೇರಿಸಿ, ಹತ್ತು ನಿಮಿಷದಲ್ಲಿ ಆ ಕೆನ್ನೆಯನ್ನು ಮೊದಲಿನ ಹಾಗೆ ಮಾಡಿದರು. ಮೊದಲಿನ ಹಾಗೆ ಎಂದರೆ, ಎಲ್ಲಿ ತಾಗಿತ್ತೆಂದು ನನಗೇ ತೋರಿಸಲಾಗದ ಹಾಗೆ. ಬೇರೆಯವರ ಕೈಯ ಬಣ್ಣವನ್ನು ಹಾಗೆ ಸರಿಪಡಿಸಲು ಯಾರಿಗೂ ಆಗುವುದಿಲ್ಲ. ಅಷ್ಟು ವರ್ಷ ಚಿತ್ರಗಳ ಜೊತೆ ಬದುಕಿದ್ದಕ್ಕೆ ಅಷ್ಟಾದರೂ ತಿಳಿಯುತ್ತದೆ.

"ಟೀಚರ್, ಇದು..." ಎಂದೆ.

"ಒಣಗ್ಲಿಕ್ಕೆ ಬಿಡಿ. ನಿಮ್ಮ ಸುತ್ತಿಗೆಯ ವಿಷಯ ನಾನು ಯಾರತ್ರವೂ ಹೇಳುದಿಲ್ಲ. ನನ್ನ ಡಬ್ಬಿಯ ವಿಷಯ ನೀವು ಹೇಳ್ಬೇಡಿ."

ಆಮೇಲೆ ಒಂದೊಂದು ಚಹಕ್ಕೆ ಒಂದೊಂದು ತುಣುಕಿನ ಹಾಗೆ ಹೇಳಿದರು. ಸರ್ ಅವರ ಬಲಗೈಗೆ ನಡುಕ ಬಂದು ಕೆಲವು ವರ್ಷಗಳಾಗಿದ್ದವು. ಸಭೆಗಳಲ್ಲಿ ಅವರು ಚಹದ ಕಪ್ಪು ಯಾಕೆ ಮುಟ್ಟುವುದಿಲ್ಲವೆಂದು ನನಗೆ ಆಗ ಹೊಳೆಯಿತು. "ಮೊದಲು ಹಿಂದಿನ ಕಡಲು ಮಾತ್ರ ನಾನು ಮಾಡಿದ್ದು. ಮತ್ತೆ ಸೀರೆ. ಮತ್ತೆ ಕೈ. ಮುಖ ಅವರೇ ಮಾಡ್ತಿದ್ರು. ಒಂದು ದಿವಸ ಮುಖಕ್ಕೆ ಕುಂಚ ಇಡುವಾಗ ಕೈ ನಿಲ್ಲಲೇ ಇಲ್ಲ. ಕುಂಚ ನನ್ನತ್ರ ಕೊಟ್ಟು ಜಗಲಿಗೆ ಹೋಗಿ ಕೂತ್ರು. ನಾನು ಮುಗಿಸಿದ ಮೇಲೆ ಬಂದು ನೋಡಿ, ಚೆನ್ನಾಗಿ ಬಂದಿದೆ ಅಂದ್ರು. ಈ ವಿಷಯದಲ್ಲಿ ನಮ್ಮ ಮಧ್ಯೆ ಅಷ್ಟೇ ಮಾತು, ಇವತ್ತಿನವರೆಗೂ."

"ಜನರಿಗೆ ಹೇಳ್ಬಹುದಲ್ಲ ಟೀಚರ್, ನೀವು ಮಾಡಿದ್ದು ಅಂತ?"

"ಹೇಳಿದ್ರೆ ಅವರ ಕೈ ನಡುಗುದು ಊರಿಗೆಲ್ಲ ಗೊತ್ತಾಗ್ತದೆ. ಮಗಳಿಗೇ ಗೊತ್ತಿಲ್ಲ."

ಬೇಸರ ಆಗುವುದಿಲ್ಲವೇ ಎಂದು ಕೇಳಿದೆ. ಕೇಳಬಾರದಿತ್ತೋ ಏನೋ. ಟೀಚರ್ ಚಹದ ಲೋಟ ಕೆಳಗಿಟ್ಟರು. "ಬಿಡಿಸುವಾಗ ಇಲ್ಲ. ಚಿತ್ರ ಗೋಡೆಗೆ ಏರಿದ ದಿವಸ ಆಗ್ತದೆ. ಎಲ್ಲರೂ ಅವರ ಸುತ್ತ ಇರ್ತಾರೆ. ನಾನು ಚಿತ್ರದ ಹತ್ತಿರ ನಿಂತಿರ್ತೇನೆ. ಯಾರಾದ್ರೂ ಬಂದು, ಮೇಡಂ ಸ್ವಲ್ಪ ಬದಿಗೆ ನಿಲ್ತೀರಾ, ಫೋಟೋ ತೆಗಿಲಿಕ್ಕುಂಟು ಅಂತಾರೆ." ಭುಜ ಕುಲುಕಿತು. ನನಗೆ ನಗು ಬರಲಿಲ್ಲ. ಅವರು ಹೋದ ಮೇಲೆ ಅಂಗಡಿ ಎಷ್ಟು ಖಾಲಿ ಎಂದು ನನಗೆ ಅನ್ನಿಸತೊಡಗಿದ್ದು ಆ ದಿನಗಳಿಂದ.

ಸರ್ ಹಾಸಿಗೆ ಹಿಡಿದ ವರ್ಷ ಟೀಚರ್ ಒಂದು ಚಿತ್ರವನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ ತಂದರು. ಬಿಚ್ಚಿದರೆ ಒಳಗೆ ಟೀಚರೇ ಇದ್ದಾರೆ. ಮೀನಿನ ಬುಟ್ಟಿ ಇಲ್ಲ, ಕಡಲಿಲ್ಲ, ಹೂವಿಲ್ಲ. ಕುರ್ಚಿಯಲ್ಲಿ ಕುಳಿತ ವಯಸ್ಸಾದ ಒಬ್ಬ ಹೆಂಗಸು, ಕನ್ನಡಕದ ಒಳಗಿನಿಂದ ನೇರ ನೋಡುತ್ತಿದ್ದಾರೆ. ಸುಸ್ತಾಗಿದೆ ಎಂದು ಕಾಣುತ್ತದೆ, ಆದರೆ ಕರುಣೆ ಬೇಡ ಎಂದೂ ಕಾಣುತ್ತದೆ. ನಾನು ಅಷ್ಟು ಒಳ್ಳೆಯ ಚಿತ್ರಕ್ಕೆ ಅದುವರೆಗೆ ಫ್ರೇಮ್ ಹಾಕಿರಲಿಲ್ಲ. ಆದರೆ ಬಾಯಿಗೆ ಬಂದದ್ದು ಬೇರೆ ಮಾತು.

"ಟೀಚರ್, ಸೆರಗು ಬಲ ಹೆಗಲಿಗೆ ಬಂದಿದೆಯಲ್ಲ. ವಾಚೂ ಬಲಗೈಗೆ."

"ಕನ್ನಡಿ ಮಾರಾಯ್ರೇ. ಅವರ ಮಂಚದ ಹತ್ತಿರ ಕಪಾಟಿನ ಕನ್ನಡಿ ಉಂಟಲ್ಲ, ಅದರ ಎದುರು ಕೂತು ಮಾಡಿದ್ದು. ಕನ್ನಡಿಯಲ್ಲಿ ಹಾಗೆಯೇ ಕಾಣುದು. ಸರಿ ಮಾಡ್ಬಹುದಿತ್ತು, ಬೇಕಂತಲೇ ಬಿಟ್ಟೆ. ಕನ್ನಡಿಯ ಮುಂದೆ ಕೂತದ್ದು ಯಾರು ಅಂತ ನೋಡಿದವರಿಗೆ ತಿಳೀಲಿ." ಆಮೇಲೆ ಬೆರಳನ್ನು ಚಿತ್ರದ ಕೆಳಮೂಲೆಗೆ ತಂದರು. "ಇದು ಮಾತ್ರ ಬೇಕಂತ ಮಾಡಿದ್ದಲ್ಲ."

ಅಲ್ಲಿ ಸರ್ ಅವರ ಸಹಿ ಇತ್ತು.

ಕೊನೆಯ ವರ್ಷಗಳಲ್ಲಿ ಸರ್ ಅವರಿಗೆ ಸಹಿ ಹಾಕುವುದೂ ಆಗುತ್ತಿರಲಿಲ್ಲ. ಅದನ್ನೂ ಟೀಚರೇ ಹಾಕುತ್ತಿದ್ದರು. ಚಿತ್ರ ಮುಗಿದ ಮೇಲೆ ಸಣ್ಣ ಕುಂಚ ಹಿಡಿದು ಕೆಳಮೂಲೆಗೆ ಹೋಗುವುದು ಕೈಗೆ ರೂಢಿಯಾಗಿತ್ತು. "ನನ್ನ ಹೆಸರು ಬರೆಯುವ ಅಂತಲೇ ಕೂತದ್ದು. ಅವರು ಆಗ ಕೆಮ್ಮಿದ್ರು, ಮನಸ್ಸು ಆಚೆ ಹೋಯ್ತು. ಕೈ ಅದರಷ್ಟಕ್ಕೆ ಬರೆದುಬಿಟ್ಟಿತು. ಎದ್ದು ಹೋಗಿ ಅವರಿಗೆ ನೀರು ಕೊಟ್ಟು ಮಲಗಿಸಿದೆ. ಮತ್ತೆ ಈ ಕಡೆ ನೋಡಿದ್ದು ವಾರ ಕಳೆದ ಮೇಲೆ. ಆಗ ಒಣಗಿತ್ತು." ಭುಜ ಕುಲುಕುತ್ತಿತ್ತು. ಕನ್ನಡಕದ ಅಡಿಯಿಂದ ನೀರು ಇಳಿಯುತ್ತಿತ್ತು.

"ಅದರ ಮೇಲೆ ಬಣ್ಣ ಹಚ್ಚಿದ್ರಾಯ್ತಲ್ಲ ಟೀಚರ್."

"ಅವರು ಇನ್ನೂ ಇದ್ದಾರೆ. ಮಲಗಿದಲ್ಲಿಂದ ನನ್ನನ್ನೇ ನೋಡ್ತಾರೆ. ಅವರಿರುವಾಗ ಅವರ ಹೆಸರಿನ ಮೇಲೆ ಬಣ್ಣ ಎಳಿಲಿಕ್ಕೆ ನನ್ನಿಂದ ಆಗುದಿಲ್ಲ. ಉಳಿದದ್ದೆಲ್ಲ ಅವರದ್ದಾಗಿಯೇ ಇರ್ಲಿ. ಇದೊಂದು ನನ್ನದು ಅಂತ ಇರ್ಲಿಕ್ಕೆ ಎಂತಾದ್ರೂ ಉಪಾಯ ಉಂಟಾ?"

ಉಪಾಯ ನನ್ನ ಕಸುಬಿನಲ್ಲೇ ಇತ್ತು. ಅಗಲವಾದ ಪಟ್ಟಿ ಹಾಕಿ, ಅದರ ತುಟಿಯನ್ನು, ಎಂದರೆ ಚಿತ್ರದ ಮೇಲೆ ಕೂರುವ ಒಳ ಅಂಚನ್ನು, ಸ್ವಲ್ಪ ಒಳಕ್ಕೆ ಎಳೆದರೆ ಅಂಚಿನಲ್ಲಿರುವುದು ಮುಚ್ಚಿಹೋಗುತ್ತದೆ. ಹಾಗೇ ಮಾಡಿದೆ. ಸಾಗುವಾನಿಯ ಅಗಲ ಪಟ್ಟಿ, ಸಹಿ ಪೂರ್ತಿ ಒಳಗೆ. ಟೀಚರ್ ದೂರ ನಿಂತು ನೋಡಿ, "ಹಾಂ, ಈಗ ನಾನು ಕಂಡೆ," ಎಂದರು. ಅವರು ಅಷ್ಟು ಸಂತೋಷವಾಗಿದ್ದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಮುಂದಿನ ವರ್ಷ ಸರ್ ತೀರಿಕೊಂಡರು. ಅವರ ಅಭಿಮಾನಿಗಳು ಸಮಿತಿ ಮಾಡಿ, ಅವರ ಚಿತ್ರಗಳದ್ದೆಲ್ಲ ಒಂದು ದೊಡ್ಡ ಪ್ರದರ್ಶನ ಇಟ್ಟರು. ಟೀಚರಿಗೆ ಆಗ ಮೊಣಕಾಲು ನೋವು, ಎದ್ದು ಓಡಾಡುವುದು ಕಷ್ಟ. ಮನೆಯಲ್ಲಿದ್ದ ಚಿತ್ರಗಳನ್ನೆಲ್ಲ ಕಳಿಸಿಕೊಟ್ಟದ್ದು ಮಗಳು. ಮಗಳು ಹಲ್ಲಿನ ಡಾಕ್ಟರು, ನನ್ನ ಅಂಗಡಿಯ ರಸ್ತೆಯಲ್ಲೇ ಕ್ಲಿನಿಕ್. ಅಪ್ಪನ ಮೇಲೆ ಜೀವ ಇಟ್ಟವಳು. ಸಮಿತಿಯವರು ಹೇಳಿದ್ದು, ಎಲ್ಲ ಚಿತ್ರಗಳಿಗೂ ಒಂದೇ ಥರದ ಕಪ್ಪು ತೆಳು ಪಟ್ಟಿ ಬೇಕು, ನೋಡಲು ಒಂದೇ ಸಮ ಇರಬೇಕು. ಕೆಲಸ ನನಗೇ ಬಂತು.

ಬಂದ ಚಿತ್ರಗಳ ನಡುವೆ ಸಾಗುವಾನಿ ಪಟ್ಟಿಯದ್ದೂ ಇತ್ತು. ಹಳೆಯ ಪಟ್ಟಿ ಬಿಚ್ಚಿದವನು ನಾನೇ. ಮೂಲೆಯಲ್ಲಿ ಸಹಿ ಹೊರಗೆ ಬಂತು. ನೋಡಿದೆ. ಟೀಚರಿಗೆ ಒಂದು ಫೋನ್ ಮಾಡಬೇಕು ಎಂದುಕೊಂಡೆ. ನಾಳೆ ಮಾಡುವ ಎಂದುಕೊಂಡೆ. ತೆಳು ಪಟ್ಟಿ ಹೊಡೆದು ಉಳಿದವುಗಳ ಜೊತೆ ಒರಗಿಸಿಟ್ಟೆ. ಇನ್ನೂ ರಾಶಿ ಕೆಲಸ ಬಾಕಿ ಇತ್ತು ಎಂದು ಹೇಳಿಕೊಳ್ಳಬಹುದು. ಇತ್ತು ಕೂಡ. ಆದರೆ ಫೋನ್ ಮಾಡಲು ಎರಡು ನಿಮಿಷ ಸಾಕು.

ಉದ್ಘಾಟನೆಯ ದಿನ ಆ ಚಿತ್ರ ಸಭಾಂಗಣದ ನಡುಗೋಡೆಯಲ್ಲಿತ್ತು. ಕೆಳಗಿನ ಚೀಟಿಯಲ್ಲಿ 'ಕಲಾವಿದರ ಪತ್ನಿ' ಎಂದು ಬರೆದಿತ್ತು. ಮುಖ್ಯ ಅತಿಥಿಯಾಗಿ ಬಂದ ವಿಮರ್ಶಕರು ಅದನ್ನೇ ಬೆರಳು ಮಾಡಿ ತೋರಿಸಿ ಬಹಳ ಹೊತ್ತು ಮಾತಾಡಿದರು. ಸೆರಗನ್ನು ಬಲ ಹೆಗಲಿಗೆ ತಂದದ್ದರಲ್ಲಿ ಕಲಾವಿದರು ಸಂಪ್ರದಾಯವನ್ನು ಹೇಗೆ ಮುರಿದಿದ್ದಾರೆ ನೋಡಿ, ಹೆಂಡತಿಯನ್ನು ಇಷ್ಟು ಆಳವಾಗಿ ಕಂಡ ಗಂಡಸು ನಮ್ಮಲ್ಲಿ ಅಪರೂಪ ಎಂದರು. ಟೀಚರ್ ಮುಂದಿನ ಸಾಲಿನಲ್ಲಿ ಊರುಗೋಲು ಹಿಡಿದು ಕುಳಿತಿದ್ದರು. ಅವರ ಬೆನ್ನು ಮಾತ್ರ ನನಗೆ ಕಾಣುತ್ತಿತ್ತು.

ಕೊನೆಗೆ ನಿರೂಪಕರು, ಮೇಡಂ ಎರಡು ಮಾತಾಡಬೇಕು ಎಂದು ಮೈಕನ್ನು ಅವರಿದ್ದಲ್ಲಿಗೇ ತಂದರು. ಟೀಚರ್ ಎದ್ದು ನಿಂತು ಮೈಕ್ ಹಿಡಿದರು. "ಆ ನಡುವಿನ ಚಿತ್ರ ಅವರದ್ದಲ್ಲ. ಅದು ನಾನು ಮಾಡಿದ್ದು," ಎಂದರು. ತರಗತಿಯಲ್ಲಿ ಹೇಳುವ ಹಾಗೆ, ಅಷ್ಟೇ ಸ್ಪಷ್ಟವಾಗಿ.

ನಿರೂಪಕರು ಇನ್ನೊಂದು ಮೈಕಿನಲ್ಲಿ, "ಎಂಥ ಮಾತು! ಗಂಡ ಬೇರೆ ಅಲ್ಲ, ಹೆಂಡತಿ ಬೇರೆ ಅಲ್ಲ. ಅವರು ಮಾಡಿದ್ದೆಲ್ಲ ನಾನೇ ಮಾಡಿದ್ದು ಎನ್ನುವ ಈ ಭಾವ ಇದೆಯಲ್ಲ, ಇದೇ ನಮ್ಮ ದಾಂಪತ್ಯ," ಎಂದರು. ಸಭೆ ಚಪ್ಪಾಳೆ ತಟ್ಟಿತು. ಮುಂದಿನ ಸಾಲಿನಲ್ಲಿ ಮಗಳು ಕಣ್ಣೊರೆಸಿಕೊಂಡು ಚಪ್ಪಾಳೆ ತಟ್ಟಿದಳು.

"ಹಾಗಲ್ಲ," ಎಂದರು ಟೀಚರ್. ಚಪ್ಪಾಳೆಯಲ್ಲಿ ಅದು ಮುಳುಗಿತು. ಅವರು ಕಾದರು. ಸದ್ದು ಇಳಿದ ಮೇಲೆ ತಿರುಗಿ ಸಾಲು ಸಾಲು ಹುಡುಕಿ ನನ್ನ ಮೇಲೆ ಕಣ್ಣು ನಿಲ್ಲಿಸಿದರು. "ಫ್ರೇಮ್ ಹಾಕಿದವರು ಅಲ್ಲಿ ಕೂತಿದ್ದಾರೆ. ಅವರಿಗೆ ಎಲ್ಲ ಗೊತ್ತುಂಟು. ಅವರತ್ರ ಕೇಳಿ."

ಎಲ್ಲರೂ ನನ್ನ ಕಡೆ ತಿರುಗಿದರು. ಅಷ್ಟು ಜನ ಒಟ್ಟಿಗೆ ನನ್ನ ಮುಖ ನೋಡಿದ್ದು ನನ್ನ ಆಯುಷ್ಯದಲ್ಲಿ ಅದೇ ಮೊದಲು. ನಿರೂಪಕರು ನಗುತ್ತಾ, "ಹೇಳಿ, ಯಾರದ್ದು ಈ ಚಿತ್ರ?" ಎಂದರು. ಎದ್ದು ನಿಂತೆ. ಕನ್ನಡಿಯ ಮಾತು ಹೇಳಬೇಕಿತ್ತು. ಅದನ್ನು ಹೇಳಿದರೆ ಕಪಾಟು ಬರುತ್ತದೆ, ಮಂಚ ಬರುತ್ತದೆ, ನಡುಗುವ ಕೈ ಬರುತ್ತದೆ. ಎದುರಿಗೆ ವಿಮರ್ಶಕರು, ಸಮಿತಿಯವರು, ಅಳುತ್ತಿರುವ ಮಗಳು. ನಾನು ಎಂಟನೆಯ ತರಗತಿ ಓದಿದವನು. ಇದೆಲ್ಲ ಈಗ ಕೂಡಿಸಿ ಹೇಳುತ್ತಿರುವ ನೆಪ. ನಿಜ ಹೇಳಬೇಕೆಂದರೆ ನಾನು ಹೆದರಿದೆ.

"ಸಹಿ ಸರ್‌ದೇ ಉಂಟಲ್ಲ," ಎಂದೆ.

ಜನ ನಕ್ಕರು, ಪ್ರೀತಿಯಿಂದಲೇ ನಕ್ಕರು. ಪಾಪ, ವಯಸ್ಸಾಯಿತು, ಗಂಡ ಹೋದ ದುಃಖ ಎಂದು ನನ್ನ ಪಕ್ಕದವರು ಹೇಳಿದರು. ಟೀಚರ್ ಮೈಕನ್ನು ಹಿಂದಕ್ಕೆ ಕೊಟ್ಟು ಕುಳಿತರು. ಹೊರಡುವಾಗ ಬಾಗಿಲ ಹತ್ತಿರ ನಾನು ಎದುರಾದೆ. ಅವರೇ ನಿಂತು, "ಫ್ರೇಮ್ ಚೆನ್ನಾಗಿ ಬಂದಿದೆ," ಎಂದರು. ಮಗಳ ಕೈ ಹಿಡಿದು ಕಾರಿಗೆ ಹತ್ತಿದರು.

ಅದಾದ ಮೇಲೆ ಅವರು ಅಂಗಡಿಗೆ ಬರಲಿಲ್ಲ. ಬರುವ ಕೆಲಸವೂ ಇರಲಿಲ್ಲ ಎನ್ನಿ, ಫ್ರೇಮ್ ಹಾಕಿಸಲು ಇನ್ನು ಯಾವ ಚಿತ್ರ? ಆದರೂ ರಿಕ್ಷಾ ನಿಂತ ಶಬ್ದವಾದರೆ ತಲೆ ಎತ್ತುತ್ತಿದ್ದೆ. ಹೋಟೆಲಿನವನು ಅಭ್ಯಾಸಬಲದಿಂದ ಎರಡು ಚಹ ತಂದಿಟ್ಟು ಹೋದ ದಿನಗಳಿವೆ. ಈಗ ಜನರ ಫೋಟೋಗಳೆಲ್ಲ ಮೊಬೈಲಿನಲ್ಲೇ ಇರುತ್ತವೆ, ಗಿರಾಕಿಗಳೂ ಕಡಿಮೆ. ಇಡೀ ದಿನ ಯಾರ ಹತ್ತಿರವೂ ಬಾಯಿ ತೆರೆಯದೆ ಶಟರ್ ಎಳೆದು ಮನೆಗೆ ಹೋಗುತ್ತಿದ್ದೆ. ಮನೆಯಲ್ಲೂ ಮಾತಾಡಲು ಯಾರಿದ್ದರು? ಟೀಚರಿಗೆ ಮಾತಾಡಲು ಇದ್ದ ಒಂದು ಜಾಗವನ್ನು ನಾನು ಕಳೆದಿದ್ದೆ. ಅದರ ಜೊತೆಗೆ ನನ್ನದೂ ಹೋಗಿತ್ತು.

ಆರು ತಿಂಗಳಾದ ಮೇಲೆ, ಕ್ಷಮೆ ಕೇಳಲೇಬೇಕೆಂದು ಅವರ ಮನೆಗೆ ಹೋದೆ. ಬಾಗಿಲು ತೆಗೆದು ಒಳಗೆ ಕರೆದರು. ಮೊಣಕಾಲಿನ ಎಣ್ಣೆ, ಬಂಗುಡೆ ಮೀನಿಗೆ ಈ ಸಲ ರುಚಿಯಿಲ್ಲದ್ದು, ನನ್ನ ಸಕ್ಕರೆ ಕಾಯಿಲೆ, ಎಲ್ಲದರ ಬಗ್ಗೆ ಮಾತಾಡಿದರು. ನಾನು ಆ ಮಾತಿಗೆ ಬರಬೇಕೆಂದು ಬಾಯಿ ತೆರೆದಾಗೆಲ್ಲ ಇನ್ನೊಂದು ಬಿಸ್ಕತ್ತು ಮುಂದೆ ನೂಕಿದರು. ಬೆಳಕಿನ ಕೋಣೆಯ ಬಾಗಿಲು ತೆರೆದಿತ್ತು, ಒಳಗೆ ಏನೂ ಇರಲಿಲ್ಲ. ನಾನು ಅತ್ತ ನೋಡಿದ್ದನ್ನು ಕಂಡು, "ಬಣ್ಣ ಕುಂಚ ಎಲ್ಲ ಕಲಿಯುವ ಹುಡುಗಿಯರಿಗೆ ಕೊಟ್ಟುಬಿಟ್ಟೆ. ಈಗ ಕೈಗೆ ಆರಾಮ," ಎಂದರು. ಚಹ ಕುಡಿದು ಬಂದೆ. ಮತ್ತೆ ಹೋಗಲಿಲ್ಲ. ಮುಂದಿನ ಸುದ್ದಿಯೇ ಪತ್ರಿಕೆಯದ್ದು.

ಉತ್ತರಕ್ರಿಯೆ ಮುಗಿದ ವಾರ ಮಗಳು ಅಂಗಡಿಗೆ ಬಂದಳು. ಕಾರಿನಿಂದ ಆ ಚಿತ್ರವನ್ನು ಇಳಿಸಿ ಮೇಜಿನ ಮೇಲೆ ಇಟ್ಟಳು. "ಅಂಕಲ್, ಈ ತೆಳು ಫ್ರೇಮ್ ಅಮ್ಮನಿಗೆ ಒಳ್ಳೇದಾಗುದಿಲ್ಲ. ಮೊದಲಿನದ್ದರ ಹಾಗೆ ಅಗಲದ್ದು ಹಾಕಿಕೊಡಿ. ಕ್ಲಿನಿಕ್ಕಿನಲ್ಲಿ ಇಡ್ತೇನೆ. ಅಪ್ಪ ಮಾಡಿದ್ರಲ್ಲಿ ಇದೇ ಬೆಸ್ಟ್."

ನನ್ನಿಂದ ಇನ್ನು ತಡೆಯಲಾಗಲಿಲ್ಲ. "ನಿಮ್ಮ ಮೊಬೈಲಿನಲ್ಲಿ ನಿಮ್ಮನ್ನೇ ನೋಡುವುದುಂಟಲ್ಲ, ಅದನ್ನು ತೆರೆಯಿರಿ. ಸೆರಗು ಯಾವ ಹೆಗಲಲ್ಲಿ ಕಾಣ್ತದೆ ನೋಡಿ," ಎಂದೆ. ಅವಳು ಸೀರೆ ಉಟ್ಟಿದ್ದಳು. ಮೊಬೈಲ್ ಎತ್ತಿ ಹಿಡಿದಳು. ಚಿತ್ರವನ್ನು ನೋಡಿದಳು, ಮತ್ತೆ ಮೊಬೈಲನ್ನು, ಮತ್ತೆ ಚಿತ್ರವನ್ನು. ಆಮೇಲೆ ಸ್ಟೂಲಿನ ಮೇಲೆ ಕುಳಿತುಬಿಟ್ಟಳು. ಕನ್ನಡಿ, ನಡುಕ, ಸಹಿ, ಎಲ್ಲವನ್ನೂ ಹೇಳಿದೆ.

"ನನ್ನತ್ರ ಅಮ್ಮ ಒಂದು ಮಾತು ಹೇಳ್ಬಹುದಿತ್ತಲ್ಲ ಅಂಕಲ್."

"ಹೇಳಿದ್ರು. ಅಷ್ಟು ಜನರೆದುರು ಮೈಕ್ ಹಿಡಿದು ಹೇಳಿದ್ರು. ನೀವು ಚಪ್ಪಾಳೆ ತಟ್ಟಿದ್ರಿ. ನಾನು ಸುಳ್ಳು ಹೇಳಿದೆ."

ಅವಳು ಅತ್ತಳು. ನಾನೂ ಅತ್ತೆ. ಅತ್ತು ಮುಗಿದ ಮೇಲೆ ಅವಳು ಚಿತ್ರದ ಮೂಲೆಯನ್ನು ಹೆಬ್ಬೆರಳಿನಿಂದ ಸವರುತ್ತಾ ಕೇಳಿದಳು. "ಇದು ಅಮ್ಮನದ್ದು ಅಂತ ಹೇಳಿದ್ರೆ, ಬೇರೆಯವರ ಮನೆಯಲ್ಲಿ ಇರುವ ಚಿತ್ರಗಳು ಯಾರದ್ದು ಅಂತ ಕೇಳ್ತಾರಲ್ಲ?"

"ಕೇಳ್ತಾರೆ."

"ಅಪ್ಪ ಮೋಸಗಾರ ಅಂತಾರೆ. ಅಪ್ಪ ಹಾಗಲ್ಲ ಅಂಕಲ್. ನನಗೆ ಇಬ್ರೂ ಬೇಕು."

ಟೀಚರಿಗೂ ಇಬ್ಬರೂ ಬೇಕಾಗಿದ್ದರು, ಅದಕ್ಕೇ ಇಷ್ಟೆಲ್ಲ ಆದದ್ದು. ಇದನ್ನು ಎಲ್ಲಿಯಾದರೂ ಬರೆಯಬೇಕೆಂದಿದ್ದೇನೆ, ಬರೆಯದಿದ್ದರೆ ನನಗೆ ಉಳಿಗಾಲವಿಲ್ಲ ಎಂದೆ. ಅವಳು ಎದ್ದು ಚಿತ್ರವನ್ನು ಎತ್ತಿಕೊಂಡಳು. ಫ್ರೇಮ್ ಬದಲಾಯಿಸುವುದು ಬೇಡ ಎಂದಳು.

"ಬರೆಯಿರಿ ಅಂಕಲ್. ಆದ್ರೆ ಹೆಸರು ಹಾಕ್ಬೇಡಿ. ಅಪ್ಪನದ್ದೂ ಬೇಡ, ಅಮ್ಮನದ್ದೂ ಬೇಡ."

ಅವಳು ಗದರಲಿಲ್ಲ, ಕೇಳಿಕೊಂಡಳು ಅಷ್ಟೆ. ಟೀಚರ್ ಆಸೆಪಟ್ಟದ್ದು ಒಂದು ಚಿತ್ರಕ್ಕೆ ತಮ್ಮ ಹೆಸರು. ಅದನ್ನು ಅವರ ಬಾಯಿಂದಲೇ ಕೇಳಿದವನು ಈ ಊರಲ್ಲಿ ನಾನೊಬ್ಬನೇ. ಬೇಡ, ಅವರ ಹೆಸರನ್ನಾದರೂ ಹಾಕುತ್ತೇನೆ ಎಂದು ಹೇಳಬಹುದಿತ್ತು. ಸಭೆಯಲ್ಲಿ ಮಾತು ಎಷ್ಟು ಸುಲಭವಾಗಿ ಬಾಯಿಗೆ ಬಂದಿತ್ತೋ ಅವಳೆದುರೂ ಅಷ್ಟೇ ಸುಲಭವಾಗಿ ಬಂತು. "ಆಯ್ತು, ಹಾಕುದಿಲ್ಲ," ಎಂದೆ.

ಹಾಕಿಲ್ಲ.